ಹೊಸಿಯಾ ಮಾವನ ಓಟು

“ಜೋರಾಗಿ ಹೇಳೋ ಹೊಸಿಯಾ, ಕೇಳಿಸ್ತಿಲ್ಲ. ಯಾರಿಗೆ ಒತ್ಲಿ?”

ಹೊಸಿಯಾ ಮಾವ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮತಯಂತ್ರದ ಪರದೆಯನ್ನೇ ನೋಡುತ್ತ ನಿಂತಿದ್ದರು. ಪಕ್ಕದಲ್ಲಿ ಕ್ಯಾರೊಲಿನ್ ಬ್ರಾಂಟ್ಲಿ ಬೆರಳು ಚಾಚಿಕೊಂಡು ಕಾಯುತ್ತಿದ್ದಳು. ಆ ದಿನ ಆಕೆ ಮತಗಟ್ಟೆಯ ಅಧಿಕಾರಿ. ಮಿಕ್ಕ ದಿನಗಳಲ್ಲಿ ನಾವೆಲ್ಲ ದುಡಿಯುವ ಮೀನಿನ ಕಾರ್ಖಾನೆಯ ಒಡೆಯನ ಹೆಂಡತಿ. ಮೀನು ಸಾಕುವ ಕೆರೆಗಳು ಅವರವು, ಕೆರೆಗಳ ಸುತ್ತಲಿನ ಹತ್ತಿ ಹೊಲಗಳು ಅವರವು, ಮಾವ ಇದ್ದ ಬಾಡಿಗೆ ಮನೆಯೂ ಅವರದೇ. ಜಿಲ್ಲೆಯ ಪೊಲೀಸರಿಗೆಲ್ಲ ಮುಖ್ಯಸ್ಥನಾಗುವ ಶೆರೀಫ್ ಸ್ಥಾನಕ್ಕೆ ನಿಂತಿದ್ದ ಇಬ್ಬರಲ್ಲಿ ಒಬ್ಬ ಆಕೆಯ ತಂಗಿಯ ಮಗ. ಇನ್ನೊಬ್ಬ ನಮ್ಮವನು, ನಮ್ಮ ಸ್ವೀಟ್‌ಗಮ್ ಕೇರಿಯಲ್ಲೇ ಹುಟ್ಟಿದ ಕರಿಯ, ಲಾವೆಲ್ ಟಬ್ಸ್.

ನಾನು ಸಾಲಿನಲ್ಲಿ ಮಾವನ ಹಿಂದೆ ಇದ್ದೆ. ಅವರಿಗೆ ಓದಲು ಬರುವುದಿಲ್ಲ. ಹೆಂಡತಿ ರುಬೀನಾ ಬದುಕಿದ್ದ ತನಕ ಆಕೆ ಜೊತೆಗೆ ಹೋಗಿ ಹೆಸರು ಓದಿ ಹೇಳುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಪಕ್ಕದ ಮನೆಯ ನಾನು, ಆರ್ಲೆತಾ, ಹೋಗುತ್ತಿದ್ದೆ. ಆವತ್ತೂ ಅವರ ತೋಳು ಹಿಡಿದು ಹೆಜ್ಜೆ ಮುಂದಿಟ್ಟಿದ್ದೆ. ಕ್ಯಾರೊಲಿನ್ ಕೈ ಅಡ್ಡ ಹಿಡಿದಳು.

“ನೀನು ಇವನಿಗೆ ಏನಾಗ್ಬೇಕು?”

ಪಕ್ಕದ ಮನೆಯವಳು ಎಂದೆ.

“ಹಾಗಾದ್ರೆ ಹಿಂದೆ ನಿಂತ್ಕೊ. ರಾಜ್ಯದ ಹೊಸ ನಿಯಮ ಇದು. ಒಂದೇ ಮನೆಯವರು, ಇಲ್ಲಾ ರಕ್ತ ಸಂಬಂಧದವರು. ಇಬ್ಬರೂ ಇಲ್ಲ ಅಂದ್ರೆ ನಾನು.”

ಮತಗಟ್ಟೆ ಇದ್ದದ್ದು ಫೈರ್ ಸ್ಟೇಷನ್ನಿನಲ್ಲಿ. ಬೆಂಕಿ ಆರಿಸುವ ಲಾರಿಯನ್ನು ಹೊರಗೆ ನಿಲ್ಲಿಸಿದ್ದರು. ಖಾಲಿ ಶೆಡ್ಡಿನಲ್ಲಿ ಒಬ್ಬರು ಕೆಮ್ಮಿದರೆ ಎಲ್ಲರಿಗೂ ಕೇಳುತ್ತಿತ್ತು. ಸಾಲಿನಲ್ಲಿ ನಮ್ಮವರೂ ಇದ್ದರು, ಬಿಳಿಯರೂ ಇದ್ದರು. ಎಲ್ಲರೂ ಎಲ್ಲೆಲ್ಲೋ ನೋಡುತ್ತಿದ್ದರು.

ಮಾವ ಕೊನೆಗೆ ಹೇಳಿದರು. “ನಿಮ್ ತಂಗಿ ಮಗನ್ಗೇ ಒತ್ತಿ, ಅಮ್ಮಾವ್ರೆ.”

“ಜಾಣ” ಎಂದಳು ಕ್ಯಾರೊಲಿನ್. ಒತ್ತಿದಳು. ಮತ ಹಾಕಿದವರಿಗೆ ಕೊಡುವ ಗುಂಡನೆಯ ಚೀಟಿಯೊಂದಿರುತ್ತದೆ, ‘ನಾನು ಮತ ಹಾಕಿದೆ’ ಅಂತ ಬರೆದದ್ದು, ಹಿಂದೆ ಅಂಟು. ಅದನ್ನು ಸುಲಿದು ತಾನೇ ಮಾವನ ಎದೆಯ ಮೇಲೆ ಅಂಟಿಸಿ ಅಂಗೈಯಿಂದ ತಟ್ಟಿದಳು, ಕುದುರೆಯ ಮೈ ತಟ್ಟುವಂತೆ.

ನನ್ನ ಕಾರಿನಲ್ಲೇ ಮನೆಗೆ ಬಂದೆವು. ಮಾವ ದಾರಿಯುದ್ದಕ್ಕೂ ಎದೆಗೆ ಅಂಟಿದ್ದನ್ನು ಕೀಳಲಿಲ್ಲ. ಲಾವೆಲ್ ಟಬ್ಸ್ ಸೋತ.

*

ಕಾರ್ಖಾನೆಯಲ್ಲಿ ನನ್ನ ಕೆಲಸ ಮೀಸೆಮೀನಿನ ಚರ್ಮ ಸುಲಿದು ಮುಳ್ಳಿನಿಂದ ಮಾಂಸ ಬಿಡಿಸುವುದು. ಮೀನು ಐಸುನೀರಿನಲ್ಲಿ ಬರುತ್ತದೆ. ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೇ ಬೆರಳುಗಳು ನಮ್ಮವಲ್ಲ ಅನ್ನಿಸಲು ತೊಡಗುತ್ತದೆ. ಚಾಕು ತಾಗಿದರೂ ರಕ್ತ ಕಂಡ ಮೇಲೇ ಗೊತ್ತಾಗುವುದು. ಪಾಯಿಖಾನೆಗೆ ಹೋಗಬೇಕಾದರೆ ಕೈ ಎತ್ತಿ ಮೇಸ್ತ್ರಿಯ ಕಣ್ಣಿಗೆ ಬೀಳಬೇಕು. ಅವನು ಕಂಡೂ ಕಾಣದವನಂತೆ ಇರುತ್ತಾನೆ. ಒಬ್ಬಳು ತಡೆಯಲಾರದೆ ನಿಂತಲ್ಲೇ ಒದ್ದೆ ಮಾಡಿಕೊಂಡಾಗ ಅವನು, ನೀರು ಹೇಗೂ ಸುರೀತಾ ಇರುತ್ತೆ, ಯಾರಿಗೆ ಗೊತ್ತಾಗುತ್ತೆ ಬಿಡು ಅಂದಿದ್ದ. ಅವಳು ಮೊಣಕಾಲಿನ ತನಕ ರಬ್ಬರ್ ಬೂಟು ಹಾಕಿಕೊಂಡೇ ಪಾಳಿ ಮುಗಿಸಿದಳು. ಇಂಥದ್ದಕ್ಕೆಲ್ಲ ನಾವು ಅಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಆ ಚಳಿಗಾಲದಲ್ಲಿ ನಗರದಿಂದ ಒಬ್ಬ ವಕೀಲೆ ಬಂದಳು. ಜೋಸೆಲಿನ್ ವಿಟ್ಲಾಕ್. ನಮ್ಮ ಬಣ್ಣದವಳೇ, ನನಗಿಂತ ಚಿಕ್ಕವಳು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಚರ್ಚಿನ ಹಿಂಬದಿಯ ಅಡುಗೆಮನೆಯಲ್ಲಿ ಸೇರಿದೆವು. ಆಕೆ ಬಿಡಿಸಿ ಹೇಳಿದಳು. ಅರವತ್ತು ವರ್ಷದ ಹಿಂದೆ ನಮ್ಮ ಜನ ಹೊಡೆತ ತಿಂದು ಪಡೆದ ಕಾನೂನೊಂದಿದೆಯಂತೆ, ಇಡೀ ದೇಶಕ್ಕೆ ಅನ್ವಯಿಸುವಂಥದ್ದು. ಓದಲು ಬಾರದವರು, ಕಣ್ಣು ಕಾಣದವರು ಮತ ಹಾಕುವಾಗ ತಮಗೆ ನಂಬಿಕೆಯಿದ್ದವರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಕೆಲಸ ಕೊಟ್ಟ ಧಣಿ ಮಾತ್ರ ಬರಕೂಡದು. ರಾಜ್ಯದ ಹೊಸ ನಿಯಮ ಅದನ್ನೇ ತಿರುಗಿಸಿ ಹಾಕಿದೆ. ಈ ಜಿಲ್ಲೆಯಲ್ಲಿ ಓದು ಬಾರದ ಮುದುಕರೆಲ್ಲ ಹೆಚ್ಚುಕಡಿಮೆ ಕರಿಯರೇ ಆದ್ದರಿಂದ ಪೆಟ್ಟು ಬೀಳುವುದು ಯಾರಿಗೆ ಅನ್ನುವುದೂ ಸ್ಪಷ್ಟ. ಕೋರ್ಟಿಗೆ ಹೋಗಬಹುದು, ಆದರೆ ಅನ್ಯಾಯ ಆದವರೊಬ್ಬರು ತಮ್ಮ ಹೆಸರು ಕೊಟ್ಟು ಮುಂದೆ ನಿಲ್ಲಬೇಕು.

ಎಲ್ಲರೂ ನೆಲ ನೋಡಿದರು. ಪಾದ್ರಿ ಒಂದು ಪ್ರಾರ್ಥನೆ ಮಾಡೋಣವೇ ಎಂದರು. ನಮ್ಮ ಎದುರು ಮನೆಯ ಲೂಡಿ ಅಜ್ಜಿ, ಆಗಲೇ ಎರಡೂ ಕಣ್ಣಿಗೆ ಪೊರೆ ಬಂದು ನೆರಳು ಬೆಳಕು ಮಾತ್ರ ಕಾಣುತ್ತಿದ್ದವಳು, ಗೊಣಗಿದಳು. “ಪ್ರಾರ್ಥ್ನೆ ಮನೇಲೂ ಮಾಡ್ಬೌದು ಪಾದ್ರಿಗಳೆ. ಹೆಸ್ರು ಕೊಡೋರ್ ಯಾರು ಅದ್ನ ಕೇಳಿ.”

ಹೊಸಿಯಾ ಮಾವ ಎದ್ದು ನಿಂತರು. ಆ ದಿನದ ಬಗ್ಗೆ ಅವರು ಬಾಯಿ ಬಿಟ್ಟದ್ದು ಅದೇ ಮೊದಲು.

“ನಾನ್ ಹುಟ್ಟಿದ್ ಮನೆ ಅವ್ರುದ್ದು. ಹತ್ತಿ ಬಿಡ್ಸಿದ್ ಹೊಲ ಅವ್ರುದ್ದು. ಈಗ್ ಉಣ್ಣೋ ಮೀನೂ ಅವ್ರ್ ಕೆರೇದೆ. ಅವ್ರಿಗ್ ಗೊತ್ತಿಲ್ದಂಗೆ ನಾನು ಮಾಡ್ತಿದ್ದದ್ದು ಅಂದ್ರೆ ಈ ಓಟೊಂದೆ. ಅದ್ನೂ ನನ್ ಬಾಯಿಂದ್ಲೇ ಕಿತ್ಕೊಂಡ್ಲು ಆ ಬೋಳಿಮುಂಡೆ.” ಪಾದ್ರಿಗಳ ಕಡೆ ತಿರುಗಿ ಕ್ಷಮಿಸಿ ಎಂದರು. ಆಮೇಲೆ ಜೋಸೆಲಿನ್‌ಗೆ, ತಮ್ಮ ಹೆಸರು ಬರೆದುಕೊಳ್ಳಲು ಹೇಳಿದರು.

ಕೇಸು ಹಾಕಿದ ಸುದ್ದಿ, ಸಾಕ್ಷಿಯೆಂದು ನನ್ನ ಹೆಸರೂ ಸೇರಿ, ಪೇಪರಿನಲ್ಲಿ ಬಂದ ಮಾರನೆಯ ವಾರ ಮೇಸ್ತ್ರಿ ನನ್ನನ್ನು ಹೆಪ್ಪುಗಟ್ಟಿಸುವ ಕೋಣೆಗೆ ಹಾಕಿದ. ಅಲ್ಲಿ ಮಾಂಸದ ಪೆಟ್ಟಿಗೆಗಳನ್ನು ಜೋಡಿಸಬೇಕು. ಉಸಿರು ಮೂಗಿನ ತುದಿಯಲ್ಲೇ ಗಟ್ಟಿಯಾಗುತ್ತದೆ. ಯಾಕೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾವನ ಮನೆಯ ನೀರಿನ ಪಂಪು ಕೆಟ್ಟಿತು. ಬ್ರಾಂಟ್ಲಿಯವರ ಆಳು ಬಂದು ನೋಡಿ, ಸಾಮಾನು ಬರಬೇಕು ಅಂತ ಹೇಳಿ ಹೋದವನು ಮತ್ತೆ ಬರಲಿಲ್ಲ. ಮಾವ ಬೆಳಿಗ್ಗೆ ಸಂಜೆ ನನ್ನ ನಲ್ಲಿಯಿಂದ ಬಕೆಟ್ಟು ಹೊತ್ತರು. ನಾನು ಹೊತ್ತು ಕೊಡುತ್ತೇನೆ ಅಂದರೆ ಬೇಡ ಅನ್ನುತ್ತಿದ್ದರು.

*

ನಗರದ ಕೋರ್ಟು ತಣ್ಣಗಿತ್ತು. ರಾಜ್ಯದ ಪರ ವಕೀಲ ಎತ್ತರದ ಬಿಳಿಯ, ಮೆಲುದನಿಯವನು. “ಪೆಟವೇ ಅವರೇ, ಕೂತ್ಕೊಳ್ಳಿ, ನೀರು ಬೇಕಾ?” ಎಂದ. ಬಿಳಿಯನೊಬ್ಬ ಮಾವನ ಮನೆತನದ ಹೆಸರಿಗೆ ‘ಅವರೇ’ ಹಚ್ಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದರ ಮರುಕ್ಷಣವೇ ಒಂದು ಹಾಳೆ ಮುಂದೆ ಹಿಡಿದು, ದಯವಿಟ್ಟು ಮೊದಲ ಸಾಲು ಓದಿ ಎಂದ.

ಜೋಸೆಲಿನ್ ಎದ್ದು ಆಕ್ಷೇಪಿಸಿದಳು. ಓದಲು ಬರುವುದಿಲ್ಲ ಅನ್ನುವುದೇ ಅವರ ದೂರು, ಹಾಗಾಗಿ ಪರೀಕ್ಷಿಸುವ ಹಕ್ಕು ತನಗಿದೆ ಅಂದ ಅವನು. ಜಡ್ಜು ಸ್ವಲ್ಪ ಯೋಚಿಸಿ, ಪ್ರಶ್ನೆ ಕೇಳಬಹುದು ಎಂದರು. ಮಾವ ಹಾಳೆಯನ್ನು ತೆಗೆದುಕೊಂಡರು. ಹಿಡಿದುಕೊಂಡೇ ಕೂತರು. ಕೋರ್ಟಿನಲ್ಲಿದ್ದವರೆಲ್ಲ ಒಬ್ಬ ಮುದುಕ ಓದದೆ ಇರುವುದನ್ನು ನೋಡುತ್ತ ಕೂತೆವು.

“ಬರಾಕಿಲ್ಲ ಸಾರ್.”

“ಆದರೆ ಚರ್ಚಲ್ಲಿ ಹಾಡಿನ ಪುಸ್ತಕ ತೆರೆದು ಹಿಡ್ಕೊಳ್ತೀರಿ, ಅಲ್ವಾ?”

“ಎಲ್ರೂ ಹಿಡ್ಕತಾರೆ. ನಾನೂ ಹಿಡ್ಕತೀನಿ.”

ಶಾಲೆಗೆ ಯಾಕೆ ಹೋಗಲಿಲ್ಲ ಅಂತ ಜೋಸೆಲಿನ್ ಕೇಳಿದಾಗ ಮಾವ ಅದನ್ನೂ ಹೇಳಿದರು. ಕರಿಯ ಮಕ್ಕಳ ಶಾಲೆಯನ್ನು ಹತ್ತಿ ಬಿಡಿಸುವ ಕಾಲಕ್ಕೆ ಮುಚ್ಚುತ್ತಿದ್ದರು. ಬಿತ್ತನೆ ಕಾಲಕ್ಕೂ ಮುಚ್ಚುತ್ತಿದ್ದರು. ತೆರೆದಿದ್ದಾಗ ಅಪ್ಪನಿಗೆ ಮೈ ಸರಿ ಇರಲಿಲ್ಲ. ಅಷ್ಟೇ. ಅವರು ಇದನ್ನು ಬೇರೆ ಯಾರದೋ ಕತೆಯಂತೆ ಹೇಳಿದರು.

ರಾಜ್ಯದ ವಕೀಲ ಮತ್ತೆ ಎದ್ದ. ನಿಯಮದಲ್ಲಿ ಕರಿಯರು ಬಿಳಿಯರು ಅನ್ನುವ ಮಾತೇ ಇಲ್ಲವಲ್ಲ ಎಂದ. ಶ್ರೀಮತಿ ಬ್ರಾಂಟ್ಲಿ ಮಾವನಿಗೆ ಧಣಿಯಲ್ಲ, ಧಣಿ ಅಂದರೆ ಕಂಪನಿ, ಆಕೆ ಅಲ್ಲಿದ್ದದ್ದು ಬರೀ ಅಧಿಕಾರಿಯಾಗಿ ಎಂದ. ಆಮೇಲೆ ಕೇಳಿದ.

“ಆ ದಿನ ನಿಮ್ಮನ್ನ ಯಾರಾದ್ರೂ ವಾಪಸ್ ಕಳಿಸಿದ್ರಾ?”

“ಇಲ್ಲ ಸಾರ್.”

“ನಿಮ್ಮ ಮತ ಎಣಿಕೆಗೆ ಬಂತು.”

“ಬಂದಿರ್ಬೇಕು.”

“ನೀವು ಹೇಳಿದ ಹೆಸರಿಗೇ ಬಂತು. ಹೆಸರು ಹೇಳಿದ್ದು ನೀವೇ ತಾನೆ?”

“ನಾನೇ ಸಾರ್.”

“ಹಾಗಾದ್ರೆ ನಿಮಗಾದ ನಷ್ಟ ಏನು ಅಂತ ಈ ಕೋರ್ಟಿಗೆ ಹೇಳ್ತೀರಾ?”

ಮಾವ ಕೈಯಲ್ಲಿದ್ದ ಹಾಳೆಯನ್ನು ನೋಡಿದರು. ಉತ್ತರ ಅಲ್ಲೇ ಎಲ್ಲೋ ಇದೆ, ತಮಗೆ ಓದಲು ಬರುತ್ತಿಲ್ಲ ಅನ್ನುವ ಹಾಗೆ. ವಕೀಲ, ಅಷ್ಟೇ, ಥ್ಯಾಂಕ್ಸ್ ಎಂದು ಹಾಳೆ ವಾಪಸು ಪಡೆದ.

ನನ್ನ ಸರದಿ ಬಂದಾಗ ಅವನು ನಗುಮುಖದಿಂದಲೇ ಶುರು ಮಾಡಿದ. “ಇವರನ್ನ ನೀವು ಮಾವ ಅಂತ ಕರೀತೀರಿ. ನಿಮ್ಮ ತಾಯಿಯ ತಮ್ಮನಾ?”

“ಅಲ್ಲ.”

“ತಂದೆ ಕಡೆ ಸಂಬಂಧ?”

“ಅಲ್ಲ. ಕೇರೀಲಿ ದೊಡ್ಡೋರ್ನ ಅಂಗೇ ಕರ್ಯದು.”

“ಅಂದ್ರೆ ನಿಮಗೆ ಅವರು ಏನೂ ಆಗ್ಬೇಕಿಲ್ಲ.”

ನಮ್ಮ ಕಾಗದಪತ್ರದ ಲೆಕ್ಕದಲ್ಲಿ ಏನೂ ಆಗಬೇಕಿಲ್ಲ ಅನ್ನುವುದು ನಿಜವಾಗಿತ್ತು. ಇಲ್ಲ ಎಂದೆ. ಅವರು ಒಂದು ಹೆಸರು ಹೇಳಿ ನೀವು ಇನ್ನೊಂದು ಒತ್ತಿದ್ದರೆ ಅವರಿಗೆ ಗೊತ್ತಾಗುತ್ತಿತ್ತೆ ಅಂತ ಕೇಳಿದ. ಗೊತ್ತಾಗುತ್ತಿರಲಿಲ್ಲ ಎಂದೆ. ಹಾಗೆ ಒತ್ತಿದ್ದೀರಾ ಎಂದು ಕೇಳಲಿಲ್ಲ. ಕೇಳದೆ ಬಿಟ್ಟದ್ದೇ ಕೋಣೆಯ ತುಂಬ ನಿಂತಿತು. ನನಗೆ ಸಿಟ್ಟು ಬರಬೇಕಿತ್ತು. ಹೆಪ್ಪುಕೋಣೆಯಲ್ಲಿ ಕೆಲಸ ಮುಗಿಸಿ ಹೊರಬಂದಾಗ ಕಾಲು ನೆಲಕ್ಕೆ ತಾಗಿದ್ದು ತಿಳಿಯದಂತೆ ಇರುತ್ತದಲ್ಲ, ಹಾಗಿತ್ತು.

*

ಗೆದ್ದೆವು. ವಸಂತದಲ್ಲಿ ತೀರ್ಪು ಬಂತು. ನಿಯಮ ದೇಶದ ಕಾನೂನಿಗೆ ವಿರುದ್ಧ, ಪೆಟವೇ ಅವರು ತಮಗೆ ಬೇಕಾದವರನ್ನು ಕರೆದುಕೊಂಡು ಹೋಗಬಹುದು ಎಂದು ಜಡ್ಜು ಬರೆದಿದ್ದರು. ಚರ್ಚಿನ ಅಂಗಳದಲ್ಲಿ ದೊಡ್ಡ ಬಾಣಲೆಯಿಟ್ಟು ಮೀನು ಕರಿದರು, ಮೆಕ್ಕೆಜೋಳದ ಹಿಟ್ಟಿನ ಉಂಡೆ ಕರಿದರು. ಲೂಡಿ ಅಜ್ಜಿ ಕೈಗೆ ಸಿಕ್ಕವರ ಮುಖವನ್ನೆಲ್ಲ ಸವರಿ, ನೀನ್ಯಾರು, ನೀನ್ಯಾರು ಅಂತ ಕೇಳಿ ನಗುತ್ತಿದ್ದಳು. ಮಾವ ಒಂದು ಕುರ್ಚಿಯಲ್ಲಿ ಕೂತು ಎರಡು ತಟ್ಟೆ ತಿಂದರು. ಖುಷಿಯಾಯಿತಾ ಎಂದು ಕೇಳಿದೆ. ಮೀನಿಗೆ ಉಪ್ಪು ಕಮ್ಮಿಯಾಗಿದೆ ಅಂದರು.

ರಾಜ್ಯ ಮೇಲಿನ ಕೋರ್ಟಿಗೆ ಹೋಯಿತು. ಮುಂದಿನ ಚುನಾವಣೆಗೆ ಕೆಲವೇ ವಾರ ಉಳಿದಿದ್ದಾಗ ಅಲ್ಲಿಯ ತೀರ್ಪು ಬಂತು. ಫೋನಿನಲ್ಲಿ ಹೇಳಿದರೆ ಸರಿಯಲ್ಲ ಅಂತ ಜೋಸೆಲಿನ್ ಅಷ್ಟು ದೂರ ಕಾರು ಓಡಿಸಿಕೊಂಡು ಬಂದಳು. ಮಾವನ ಜಗಲಿಯ ಮೇಲೆ ಕೂತೆವು. ನಿಯಮ ಸರಿಯೋ ತಪ್ಪೋ ಅಂತ ಮೇಲಿನ ಕೋರ್ಟು ನೋಡಲೇ ಇಲ್ಲ ಎಂದಳು. ಆ ಕಾನೂನನ್ನು ಹಿಡಿದುಕೊಂಡು ಕೋರ್ಟಿಗೆ ಬರುವ ಹಕ್ಕು ವಾಷಿಂಗ್ಟನ್ನಿನ ಸರ್ಕಾರಿ ವಕೀಲರಿಗೆ ಮಾತ್ರ ಇದೆ, ಸಾಧಾರಣ ಜನಕ್ಕೆ ಇಲ್ಲ ಅಂದುಬಿಟ್ಟಿದೆ. ಕೇಸು ವಜಾ. ಹೊಸ ನಿಯಮ ಮತ್ತೆ ಜಾರಿಗೆ.

ಮಾವ ಅದನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ ನಿಧಾನವಾಗಿ ಕೇಳಿದರು. “ಅಂಗಾರೆ ಕಾನೂನು ಐತೆ.”

“ಇದೆ ಮಾವ.”

“ನನ್ಗೋಸ್ಕರ್ವೇ ಐತೆ.”

“ಹೌದು.”

“ಆದ್ರೆ ನಾನ್ ಕೇಳಂಗಿಲ್ಲ.”

ಜೋಸೆಲಿನ್ ತಲೆಯಾಡಿಸಿದಳು.

“ಆ ವಾಷಿಂಗ್ಟನ್ನೋರು ಯಾವತ್ತಾರ ಸ್ವೀಟ್‌ಗಮ್‌ಗೆ ಬಂದಿದ್ರಾ?”

ಅವಳು ಮಡಿಲಲ್ಲಿದ್ದ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಮಾವನೇ ಎದ್ದು ಹೋಗಿ ಅವಳಿಗೆ ಸಿಹಿ ಚಹಾ ತಂದುಕೊಟ್ಟರು. ಹೊರಡುವಾಗ ಆಕೆ ನನ್ನನ್ನು ಕಾರಿನ ಹತ್ತಿರ ಕರೆದು, ಮತಗಟ್ಟೆಯಲ್ಲಿ ಏನೂ ಮಾಡಲು ಹೋಗಬೇಡಿ, ನಿಯಮ ಮುರಿದವರಿಗೆ ಜೈಲು ಅಂತ ಬರೆದಿದ್ದಾರೆ, ನಾವು ಬೇರೆ ದಾರಿ ಹುಡುಕುತ್ತೇವೆ ಎಂದಳು. ಆಗಲಿ ಎಂದೆ.

*

ಚುನಾವಣೆಯ ದಿನ ಮಾವನನ್ನೂ ಲೂಡಿ ಅಜ್ಜಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆ. ಫೈರ್ ಸ್ಟೇಷನ್ ಮುಂದೆ ಕಾರು ನಿಂತ ಮೇಲೆ ಮಾವ ಇಳಿಯಲಿಲ್ಲ.

“ನೀವ್ ಓಗಿ. ಆ ಎಂಗ್ಸಿನ್ ಮುಂದೆ ನಾನು ಇನ್ನೊಂದ್ ಸಲ ಬಾಯ್ ಬುಡಾಕಿಲ್ಲ.”

ಒತ್ತಾಯ ಮಾಡಲಿಲ್ಲ. ಅಜ್ಜಿಯ ಕೈ ಹಿಡಿದು ಸಾಲಿನಲ್ಲಿ ನಿಂತೆ. ಬಾಗಿಲಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಅದೇ ಮೇಜಿನ ಹಿಂದೆ ಕ್ಯಾರೊಲಿನ್ ಬ್ರಾಂಟ್ಲಿ ಕೂತಿದ್ದಳು. ಅಜ್ಜಿಯ ಗುರುತಿನ ಕಾರ್ಡು ನೋಡಿ ಹೆಸರಿಗೆ ಗುರುತು ಹಾಕಿ, ಯಂತ್ರಕ್ಕೆ ಹಾಕುವ ಚೀಟಿಯನ್ನು ಅವಳ ಕೈಗಿಟ್ಟು ಎದ್ದಳು. “ಬಾ ಲೂಡಿ, ನಾನು ಕರ್ಕೊಂಡು ಹೋಗ್ತೀನಿ.”

ಅಜ್ಜಿ ಮುಖವನ್ನು ನನ್ನ ಕಡೆಗೆ ತಿರುಗಿಸಿದಳು. ಅವಳಿಗೆ ನಾನು ಕಾಣುತ್ತಿರಲಿಲ್ಲ. “ಆರ್ಲೆತಾ, ನಿಂಗೆ ಪುರ್ಸೊತ್ತೈತಾ?” ಎಂದಳು, ಮನೆಯಲ್ಲಿ ಸೂಜಿಗೆ ದಾರ ಪೋಣಿಸಿಕೊಡಲು ಕರೆಯುವಾಗಿನ ದನಿಯಲ್ಲೇ.

ಧೈರ್ಯ ಬಂತು ಅಂತ ನಾನು ಹೇಳುವುದಿಲ್ಲ. ಏನೂ ಬರಲಿಲ್ಲ. ಪುರಸೊತ್ತು ಇತ್ತು. ಐತೆ ಅಜ್ಜಿ ಎಂದೆ. ಕ್ಯಾರೊಲಿನ್ ಅಡ್ಡ ಚಾಚಿದ ಕೈಯನ್ನು ದಾಟಿಕೊಂಡು ಅಜ್ಜಿಯನ್ನು ಯಂತ್ರದ ಹತ್ತಿರ ಕರೆದುಕೊಂಡು ಹೋದೆ. ಹಿಂದಿನಿಂದ ಆಕೆ, ಇದು ಅಪರಾಧ ಗೊತ್ತಾ, ನಾನು ಶೆರೀಫ್‌ಗೆ ಫೋನ್ ಮಾಡ್ತೀನಿ ಎಂದಳು. ಮಾಡಿದಳು. ಶೆಡ್ಡಿನಲ್ಲಿ ಆಕೆಯ ಒಂದೊಂದು ಮಾತೂ ಕೇಳುತ್ತಿತ್ತು. ನಾನು ಮೇಲಿನಿಂದ ಶುರುಮಾಡಿ ಹೆಸರುಗಳನ್ನು ಓದಿದೆ, ಅಜ್ಜಿ ನನ್ನ ಅಂಗೈಯನ್ನು ಹಿಸುಕಿದಲ್ಲಿ ಒತ್ತಿದೆ. ಯಾರೂ ನಮ್ಮನ್ನು ಎಳೆಯಲಿಲ್ಲ. ಸಾಲಿನಲ್ಲಿದ್ದ ಬಿಳಿಯನೊಬ್ಬ, ಇವಳಿಗೇನು ತಲೆ ಕೆಟ್ಟಿದೆಯಾ ಎಂದ. ಮತ್ತೊಬ್ಬರು ಸುಮ್ಮನಿರಯ್ಯ ಎಂದರು. ಯಾರು ಅಂತ ನೋಡಲಿಲ್ಲ.

ಅಜ್ಜಿಯನ್ನು ಹೊರಗೆ ತಂದು ಬೆಂಚಿನ ಮೇಲೆ ಕೂರಿಸಿ ತಲೆ ಎತ್ತಿದಾಗ ಮಾವ ಒಳಗೆ ಬಂದಿದ್ದರು. ಮೇಜಿನ ಮುಂದೆ ನಿಂತಿದ್ದರು, ಟೋಪಿ ತಲೆಯ ಮೇಲೇ ಇತ್ತು. ಕಾರಿನಲ್ಲಿ ಕೂತಲ್ಲಿಗೆ ತೆರೆದ ಬಾಗಿಲಿನಿಂದ ಎಲ್ಲ ಕಂಡಿರಬೇಕು. ನಾನು ಒಳಗೆ ಹೋಗಿ ಅವರ ಪಕ್ಕ ನಿಂತೆ. ಗುರುತಿನ ಕಾರ್ಡನ್ನು ಕ್ಯಾರೊಲಿನ್ ಮುಂದೆ ಇಟ್ಟು ಅವಳ ಮುಖ ನೋಡದೆ ಹೇಳಿದರು.

“ನನ್ ಜೊತೆ ಇವ್ಳು ಬತ್ತಾಳೆ.”

ಪಕ್ಕದಲ್ಲಿ ಕೂತಿದ್ದ ಗುಮಾಸ್ತೆ ಹುಡುಗಿ, ಏನು ಮಾಡಬೇಕೋ ತಿಳಿಯದೆ, ಅಭ್ಯಾಸದಂತೆ ಯಂತ್ರಕ್ಕೆ ಹಾಕುವ ಚೀಟಿಯನ್ನು ಮಾವನ ಕೈಗೆ ಕೊಟ್ಟುಬಿಟ್ಟಳು. ಕ್ಯಾರೊಲಿನ್ ಅವಳಿಗೆ ಬೈಯುವುದರೊಳಗೆ ನಾನು ಮಾವನ ತೋಳು ಹಿಡಿದಿದ್ದೆ. ಚೀಟಿ ಹಾಕಿದೆವು. ಪರದೆ ಬೆಳಗಿತು. ನಾನು ಓದತೊಡಗಿದೆ.

ಶೆರೀಫನ ಆಳು ಬಂದದ್ದು ಆಗ. ಬೂಟಿನ ಸದ್ದು ಹತ್ತಿರ ಬಂದು ನಮ್ಮ ಹಿಂದೆ ನಿಂತಿತು. ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು.

“ಮುಗೀತಾ ನಿನ್ ಆಟ? ನಡಿ ಆಚೆ.”

“ಮುಗ್ದಿಲ್ಲ” ಎಂದೆ.

“ಏಯ್, ಕೈ ಹಿಂದೆ ತಾ.”

ಎಡಗೈಯನ್ನು ಹಿಂದಕ್ಕೆ ಕೊಟ್ಟೆ. ಕೋಳ ಬಿತ್ತು. ಬಲಗೈಯ ಬೆರಳು ಪರದೆಯ ಮೇಲಿತ್ತು. ಅದನ್ನು ಕೊಡಲಿಲ್ಲ. ಅವನು ಜಗ್ಗಿದ, ಸಾಲಿನ ಜನ ನೋಡುತ್ತಿದ್ದರೆಂದೋ ಏನೋ, ಜೋರಾಗಿ ಜಗ್ಗಲಿಲ್ಲ. ಮಾವ ನಮ್ಮಿಬ್ಬರ ನಡುವೆ ಅವಸರವಿಲ್ಲದೆ ಬಾಗಿದರು. ಅವರ ಗಡ್ಡ ನನ್ನ ಕೆನ್ನೆಗೆ ತಾಗಿತು. ಬಾಯಿಯನ್ನು ನನ್ನ ಕಿವಿಗೆ ತಂದು, ಬೆನ್ನಿಗಂಟಿ ನಿಂತಿದ್ದ ಆ ಪೊಲೀಸನಿಗೂ ಕೇಳದಷ್ಟು ಸಣ್ಣಗೆ ಒಂದು ಹೆಸರು ಹೇಳಿದರು.

ಒತ್ತಿದೆ.

ಅದು ಯಾರ ಹೆಸರು ಅಂತ ಸ್ಟೇಷನ್ನಿನಲ್ಲಿ ಕೇಳಿದರು. ನನ್ನ ಮೇಲೆ ಹಾಕಿದ ಕೇಸಿನಲ್ಲಿ ರಾಜ್ಯದ ವಕೀಲ ಕೇಳಿದ, ಹೇಳಿದರೆ ಶಿಕ್ಷೆ ಕಡಿಮೆ ಮಾಡಿಸುತ್ತೇನೆ ಎಂದ. ನಾನು ಹೇಳಿಲ್ಲ. ನಿಮಗೂ ಹೇಳುವುದಿಲ್ಲ.